ಪುಣ್ಯಕೋಟಿಯನ್ನು ಬಿಟ್ಟ ಹಾಗೆ ಇವು ಯಾಕೆ ಬಿಡಲಿಲ್ಲ?

ಪ್ರಶ್ನೆ: ನಾವು ಶಿವಮೊಗ್ಗದವರು. ಮಗನಿಗೆ ಹತ್ತು ವರ್ಷ, ಮಗಳಿಗೆ ಆರು. ಇಬ್ಬರೂ ಮೊಬೈಲಿಗೆ ಅಂಟಿಕೊಂಡಿರುತ್ತಿದ್ದರು. ಅದರ ಬದಲು ಭಾನುವಾರ ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂತು ಟೀವಿಯಲ್ಲಿ ಒಂದು ವನ್ಯಜೀವಿ ಸಾಕ್ಷ್ಯಚಿತ್ರ ನೋಡೋಣ ಅಂತ ಶುರು ಮಾಡಿದೆವು. ಮೂರು ವಾರ ಚೆನ್ನಾಗಿ ನಡೆಯಿತು. ನಾಲ್ಕನೇ ವಾರ ಕೆನ್ನಾಯಿಗಳ (ಸೀಳುನಾಯಿ ಅಂತಲೂ ಅನ್ನುತ್ತಾರಲ್ಲ, ಆ ಕಾಡುನಾಯಿಗಳ) ಗುಂಪು ಒಂದು ಜಿಂಕೆಮರಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತಿನ್ನುವ ದೃಶ್ಯ ಬಂತು. ಮಗಳು ಬಿಕ್ಕಿ ಬಿಕ್ಕಿ ಅತ್ತಳು. "ಪುಣ್ಯಕೋಟೀನ ಹುಲಿ ಬಿಡ್ತಲ್ಲಮ್ಮಾ, ಇವು ಯಾಕೆ ಬಿಡ್ಲಿಲ್ಲ?" ಅಂತ ಕೇಳಿದಳು. ನನಗೆ ಏನು ಹೇಳಬೇಕೋ ತೋಚದೆ ಟೀವಿ ಆರಿಸಿಬಿಟ್ಟೆ. ಮಗನಿಗೆ ಸಿಟ್ಟು ಬಂತು. ಅವನಿಗೆ ಬೇಕಾಗಿದ್ದೇ ಅದು. ಈಗ ನಮ್ಮ ಕಣ್ಣು ತಪ್ಪಿಸಿ ಮೊಬೈಲಿನಲ್ಲಿ ಬೇಟೆಯ ತುಣುಕುಗಳನ್ನೇ ಹುಡುಕಿ ನೋಡುತ್ತಾನೆ. ಮಗಳು ಎರಡು ರಾತ್ರಿ ನನ್ನ ಪಕ್ಕ ಬಂದು ಮಲಗಿದಳು, ಆಮೇಲಿನ ಭಾನುವಾರ ಕೋಳಿಸಾರು ಮುಟ್ಟಲಿಲ್ಲ. ಅತ್ತೆ "ಎಳೇ ಮಕ್ಕಳಿಗೆ ಅದನ್ನೆಲ್ಲ ಯಾಕೆ ತೋರಿಸ್ತೀರಿ" ಅಂತ ಬೈಯುತ್ತಾರೆ. ಯಜಮಾನರು "ಪ್ರಪಂಚ ಇರೋದೇ ಹಾಗೆ, ಗಟ್ಟಿಯಾಗಲಿ ಬಿಡು" ಅನ್ನುತ್ತಾರೆ. ಅಕ್ಕನ ಮಗ, ಕಾಲೇಜು ಓದುವವನು, "ಅದೆಲ್ಲಾ ಸುಳ್ಳು ಚಿಕ್ಕಮ್ಮ, ಪ್ರಾಣಿಗಳನ್ನ ಕೂಡಿಹಾಕಿ ಶೂಟಿಂಗ್ ಮಾಡ್ತಾರೆ" ಅಂದ. ಭಾನುವಾರದ ಟೀವಿ ನಿಲ್ಲಿಸಿಬಿಡಬೇಕೋ, ಮುಂದುವರಿಸಬೇಕೋ? ಮಗಳು ಇನ್ನೊಂದು ಪ್ರಶ್ನೆಯನ್ನು ಈಗಲೂ ಬಿಟ್ಟಿಲ್ಲ: "ಜಿಂಕೆಯಮ್ಮ ಅವತ್ತು ರಾತ್ರಿ ಎಲ್ಲಿ ಮಲಗ್ತು?"

ಉತ್ತರ: ನಾನು ಪ್ರಾಣಿಶಾಸ್ತ್ರ ಓದಿದವನು. ಕೆಲವು ವರ್ಷ ಕಾಡಿನಲ್ಲಿ ಪ್ರಾಣಿ ಎಣಿಕೆಯ ಕೆಲಸ ಮಾಡಿದೆ. ಆಮೇಲಿನ ಇಪ್ಪತ್ತು ವರ್ಷ ಶಾಲಾಮಕ್ಕಳಿಗೆ ಪ್ರಕೃತಿ ಶಿಬಿರ ನಡೆಸಿಕೊಂಡು ಬಂದಿದ್ದೇನೆ. ಜಿಂಕೆಮರಿ ಸತ್ತಾಗ ಅಳುವ ಮಕ್ಕಳನ್ನು ಪ್ರತಿ ಶಿಬಿರದಲ್ಲೂ ಕಾಣುತ್ತೇನೆ. ಅದೇ ದೃಶ್ಯಕ್ಕೆ "ಇನ್ನೊಂದ್ ಸಲ ಹಾಕಿ ಸಾರ್" ಅನ್ನುವ ಮಕ್ಕಳನ್ನೂ ಕಾಣುತ್ತೇನೆ. ನಿಮ್ಮ ಮನೆಯಲ್ಲಿ ಇಬ್ಬರೂ ಇದ್ದಾರೆ.

ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮಗಳ ಮನಸ್ಸಿಗೆ ಗಾಯವಾಯಿತೇ, ಮಗ ಕ್ರೂರಿಯಾಗುತ್ತಿದ್ದಾನೆಯೇ, ನೋಡಿದ್ದು ನಿಜವೋ ನಾಟಕವೋ. ಮೊದಲಿನ ಎರಡಕ್ಕೆ ನೇರವಾಗಿ ಹೇಳುತ್ತೇನೆ: ನೀವು ಬರೆದಿರುವುದನ್ನು ನೋಡಿದರೆ ಮಗಳಿಗೆ ಗಾಯವಾಗಿಲ್ಲ, ಮಗ ಕ್ರೂರಿಯೂ ಅಲ್ಲ. ಟೀವಿ ಆರಿಸಿದ್ದರಲ್ಲೂ ತಪ್ಪಿಲ್ಲ, ಅಳುವ ಮಗುವನ್ನು ಎತ್ತಿಕೊಳ್ಳುವುದೇ ಮೊದಲ ಕೆಲಸ. ಆದರೆ ಮಗಳ ಪ್ರಶ್ನೆ ಅಲ್ಲೇ ನಿಂತುಹೋಯಿತು. ರಾತ್ರಿ ಅವಳು ನಿಮ್ಮ ಪಕ್ಕಕ್ಕೆ ಬರುವಾಗ ಹೊತ್ತು ತಂದದ್ದು ಆ ಪ್ರಶ್ನೆಯನ್ನು.

ಅದು ಎಂಥ ಪ್ರಶ್ನೆ ನೋಡಿ. ಆರು ವರ್ಷದ ಮಗು ತಾನು ಕೇಳಿದ ಹಾಡನ್ನೂ ಕಣ್ಣಾರೆ ಕಂಡ ಕಾಡನ್ನೂ ಅಕ್ಕಪಕ್ಕ ಇಟ್ಟು ಎರಡೂ ತಾಳೆಯಾಗುತ್ತಿಲ್ಲವಲ್ಲ ಅನ್ನುತ್ತಿದೆ. ನಮ್ಮ ಮಕ್ಕಳಿಗೆ ಹುಲಿಯ ಮೊದಲ ಪರಿಚಯವಾಗುವುದೇ ಗೋವಿನ ಹಾಡಿನಲ್ಲಿ. ಅಲ್ಲಿ ಹುಲಿಗೆ ಮಾತು ಬರುತ್ತದೆ, ಕೊಟ್ಟ ಮಾತಿನ ಬೆಲೆ ಗೊತ್ತಾಗುತ್ತದೆ, ಪಶ್ಚಾತ್ತಾಪವಾಗುತ್ತದೆ. ಆದರೆ ಹಾಡಿನ ಕೊನೆಯನ್ನು ನೆನಪಿಸಿಕೊಳ್ಳಿ. ಪುಣ್ಯಕೋಟಿಯನ್ನು ಬಿಟ್ಟ ಮೇಲೆ ಹುಲಿ ಬದುಕುವುದಿಲ್ಲ, ಪ್ರಾಣ ಬಿಡುತ್ತದೆ. ಹಾಡು ಕಟ್ಟಿದ ಜನಪದರು ದನ ಕಾಯ್ದವರು, ಹುಲಿಯನ್ನು ಹತ್ತಿರದಿಂದ ಬಲ್ಲವರು. ಬೇಟೆಯನ್ನು ಬಿಟ್ಟುಕೊಡುವ ಹುಲಿ ಮರುದಿನ ಏನು ತಿನ್ನುತ್ತದೆ ಅನ್ನುವುದನ್ನು ಅವರು ಮರೆತಿರಲಿಲ್ಲ ಅಂತ ನನಗನ್ನಿಸುತ್ತದೆ. ಹಾಗಾಗಿ ಮಗಳಿಗೆ ಹಾಡು ಸುಳ್ಳು, ಟೀವಿ ನಿಜ ಅಂತ ಹೇಳಬೇಕಾಗಿಲ್ಲ. "ಹಾಡಿನ ಹುಲಿ ನಮ್ಮ ಹಾಗೆ ಮಾತಾಡುತ್ತೆ ಪುಟ್ಟಿ. ಇವು ಕಾಡಿನ ನಾಯಿಗಳು, ಹುಲ್ಲು ತಿಂದು ಬದುಕೋಕೆ ಆಗಲ್ಲ. ಬಿಲದಲ್ಲಿ ಇವಕ್ಕೂ ಮರಿಗಳಿದ್ದಾವೆ, ಅವಕ್ಕೂ ಹಸಿವಾಗುತ್ತೆ." ಇಷ್ಟು ಸಾಕು. ಅವಳು "ಪಾಪ ಜಿಂಕೆಮರಿ" ಅಂದರೆ "ಹೌದು, ಪಾಪ, ನಂಗೂ ಬೇಜಾರಾಯ್ತು" ಅನ್ನಿ. ಅದರ ಮುಂದಕ್ಕೆ ಒಂದು ಮಾತೂ ಬೇಡ. ಮುಂದಿನದನ್ನು ಅವಳೇ ಕೇಳುತ್ತಾಳೆ, ನಾಳೆಯೋ ನಾಡಿದ್ದೋ, ತಲೆ ಬಾಚುವಾಗಲೋ ಸ್ಕೂಟರಿನಲ್ಲಿ ಹೋಗುವಾಗಲೋ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಶಿಬಿರದ ಕೆಲಸಕ್ಕೆ ಇಳಿದ ಹೊಸದರಲ್ಲಿ ಒಂದು ಶಾಲೆಯ ಸಭಾಂಗಣದಲ್ಲಿ ಒಂದರಿಂದ ಏಳನೇ ತರಗತಿಯವರೆಗಿನ ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿ ಚಿರತೆಯ ಬೇಟೆ ತೋರಿಸಿದ್ದೆ. ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಅದರಮ್ಮ ಹುಡುಕಲ್ವಾ?" ಅಂತ ಕೇಳಿದಳು. ನಾನು ಕರಿಹಲಗೆಯ ಮೇಲೆ ಆಹಾರ ಸರಪಳಿ ಬರೆದು ತೋರಿಸಿದೆ. ಹುಲ್ಲು, ಜಿಂಕೆ, ಚಿರತೆ, ನಡುನಡುವೆ ಬಾಣದ ಗುರುತು. ಹುಡುಗಿ ಸುಮ್ಮನೆ ಕೂತುಕೊಂಡಳು. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಅವಳು ಕೇಳಿದ್ದು ಅದನ್ನಲ್ಲ. ಆ ಮಗುವಿಗೆ ಉತ್ತರ ಕೊಡಲಿಲ್ಲವಲ್ಲ ಅನ್ನುವ ನೋವು ಇವತ್ತಿಗೂ ಇದೆ.

ಇನ್ನು ಮನೆಯಲ್ಲಿ ನಡೆಯುತ್ತಿರುವ ವಾದಕ್ಕೆ ಬರೋಣ. ಎಳೆಯ ಮಕ್ಕಳಿಗೆ ಸಾವು ತೋರಿಸಬಾರದು ಅನ್ನುವುದು ಅತ್ತೆಯವರ ಮಾತು. ಅದರಲ್ಲಿ ಅರ್ಧ ಸರಿ ಇದೆ. ಮೂರು, ನಾಲ್ಕು ವರ್ಷದ ಮಗುವಿಗೆ ಬೇಟೆಯ ದೃಶ್ಯ ಬೇಡವೇ ಬೇಡ. ಸತ್ತದ್ದು ಮತ್ತೆ ಏಳುವುದಿಲ್ಲ ಅನ್ನುವುದೇ ಆ ವಯಸ್ಸಿನಲ್ಲಿ ಪೂರ್ತಿ ತಿಳಿದಿರುವುದಿಲ್ಲ. ಸಾಮಾನ್ಯವಾಗಿ ಐದರಿಂದ ಏಳು ವರ್ಷದ ನಡುವೆ ಸಾವು ಅಂದರೆ ಹೋದದ್ದು ಹೋಯಿತು, ಅದು ಎಲ್ಲ ಜೀವಕ್ಕೂ ಇದೆ ಅನ್ನುವ ಅರಿವು ಗಟ್ಟಿಯಾಗುತ್ತದೆ. ನಿಮ್ಮ ಮಗಳು ಈಗ ಸರಿಯಾಗಿ ಅದೇ ಹೊಸಿಲ ಮೇಲಿದ್ದಾಳೆ. ಅವಳು ಅತ್ತದ್ದು ಅರ್ಥವಾಗದೆ ಅಲ್ಲ, ಅರ್ಥವಾಗತೊಡಗಿದ್ದರಿಂದ. ಆ ಅರಿವು ಟೀವಿಯಿಂದ ಬರದಿದ್ದರೆ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿದ ನಾಯಿಮರಿಯಿಂದ ಬರುತ್ತಿತ್ತು. ಅಮ್ಮನ ಮಗ್ಗುಲಲ್ಲಿ ಕೂತಿದ್ದಾಗ ಬಂದದ್ದೇ ಒಳ್ಳೆಯದಾಯಿತು.

ಗಟ್ಟಿಯಾಗಲಿ ಅನ್ನುವ ಯಜಮಾನರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಳುವ ಮಗುವಿಗೆ ಮತ್ತೆ ಮತ್ತೆ ತೋರಿಸಿದರೆ ಅದು ಗಟ್ಟಿಯಾಗುವುದಿಲ್ಲ, ಅಳುವುದನ್ನು ಬಚ್ಚಿಡಲು ಕಲಿಯುತ್ತದೆ. ಶಿಬಿರಕ್ಕೆ ಬರುವ ಹನ್ನೆರಡು ಹದಿಮೂರರ ಹುಡುಗರಲ್ಲಿ ಇದನ್ನು ಬಹಳ ನೋಡಿದ್ದೇನೆ. ಹಾವು ಕಪ್ಪೆ ನುಂಗುವಾಗ ಎಲ್ಲರಿಗಿಂತ ಜೋರಾಗಿ ನಗುವವನ ಮುಖವನ್ನು ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ.

ಈಗ ನಿಮ್ಮ ಅಕ್ಕನ ಮಗ ಹೇಳಿದ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಕ್ಕಳ ಜೊತೆ ಕೂತು ಕಲಿಯುವುದಕ್ಕೆ ನನಗೆ ಸಿಕ್ಕಿರುವ ಅತಿ ಒಳ್ಳೆಯ ದಾರಿ ಇದೇ.

ಅವನ ಮಾತಿಗೆ ಆಧಾರವಿಲ್ಲದೆ ಇಲ್ಲ. 1958ರಲ್ಲಿ ಡಿಸ್ನಿ ಕಂಪನಿ ಹೊರತಂದ ಒಂದು ಚಿತ್ರದಲ್ಲಿ ಲೆಮ್ಮಿಂಗ್ ಅನ್ನುವ ಇಲಿಯಂಥ ಪ್ರಾಣಿಗಳು ಸಾಲುಸಾಲಾಗಿ ಬಂಡೆಯಿಂದ ನೀರಿಗೆ ಬೀಳುವುದನ್ನು ತೋರಿಸಿದರು. ಅದಕ್ಕೆ ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಕೂಡ ಬಂತು. ಲೆಮ್ಮಿಂಗ್‌ಗಳು ಗುಂಪಾಗಿ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಅನ್ನುವ ನಂಬಿಕೆ ಜಗತ್ತಿನ ತುಂಬ ಬೇರೂರಿತು. ಇಪ್ಪತ್ತನಾಲ್ಕು ವರ್ಷದ ಮೇಲೆ, 1982ರಲ್ಲಿ, ಕೆನಡಾದ ಟೀವಿ ಪತ್ರಕರ್ತರು ಅದರ ಬೆನ್ನು ಹತ್ತಿ ನಿಜ ಹೊರಗೆಳೆದರು. ಪ್ರಾಣಿಗಳನ್ನು ಬೇರೆ ಕಡೆಯಿಂದ ದುಡ್ಡು ಕೊಟ್ಟು ತಂದು, ಅವು ಸಹಜವಾಗಿ ಇಲ್ಲದ ಊರಿನಲ್ಲಿ ಚಿತ್ರೀಕರಿಸಿ, ನೀರಿಗೆ ತಳ್ಳಿದ್ದರು. ಇದು ಶುದ್ಧ ಮೋಸ.

ಇನ್ನೊಂದು ಬಗೆಯದೂ ಇದೆ. 2011ರಲ್ಲಿ ಬಿಬಿಸಿಯ ಸರಣಿಯೊಂದರಲ್ಲಿ ಹಿಮಕರಡಿ ತನ್ನ ಗುಹೆಯಲ್ಲಿ ಮರಿ ಹಾಕಿದ ದೃಶ್ಯ ಬಂತು. ಅದನ್ನು ತೆಗೆದದ್ದು ನೆದರ್‌ಲೆಂಡ್ಸ್‌ನ ಒಂದು ಮೃಗಾಲಯದಲ್ಲಿ ಅಂತ ಗೊತ್ತಾದಾಗ ದೊಡ್ಡ ಗದ್ದಲವಾಯಿತು. ಇಲ್ಲಿ ನನ್ನ ನಿಲುವು ಬೇರೆ. ಕಾಡುಕರಡಿಯ ಗುಹೆಗೆ ಕ್ಯಾಮೆರಾ ತುರುಕಿದ್ದರೆ ತಾಯಿಗೂ ಮರಿಗೂ ಅಪಾಯವಾಗುತ್ತಿತ್ತು. ಮೃಗಾಲಯದಲ್ಲಿ ತೆಗೆದದ್ದು ಸರಿ. ಆ ದೃಶ್ಯದ ಜೊತೆಗೇ ಅದನ್ನು ಸ್ಪಷ್ಟವಾಗಿ ಹೇಳಿದ್ದರೆ ಇನ್ನೂ ಸರಿಯಾಗುತ್ತಿತ್ತು.

ಇವೆರಡೂ ಅಪರೂಪದ ಸಂಗತಿಗಳು. ಎಲ್ಲ ಚಿತ್ರಗಳಲ್ಲೂ ದಿನನಿತ್ಯ ನಡೆಯುವ ಕೆಲಸ ಬೇರೆಯೇ ಇದೆ. ಕೆನ್ನಾಯಿಯನ್ನು ಚಿತ್ರೀಕರಿಸುವವರು ನೂರಿನ್ನೂರು ಮೀಟರು ದೂರದಲ್ಲಿರುತ್ತಾರೆ. ಲೆನ್ಸು ಅಷ್ಟು ದೂರವನ್ನು ಹತ್ತಿರ ಎಳೆಯುತ್ತದೆ, ಮೈಕು ಎಳೆಯಲಾರದು. ಜಿಂಕೆಯ ಕಾಲ ಸಪ್ಪಳ, ಎಲೆ ಮುರಿದ ಸದ್ದು, ಎಲುಬು ಕಡಿಯುವ ಶಬ್ದ ಇವುಗಳಲ್ಲಿ ಬಹುಪಾಲು ಆಮೇಲೆ ಸ್ಟುಡಿಯೋದಲ್ಲಿ ಮಾಡಿ ಸೇರಿಸಿದ್ದು. ಓಟವೂ ಒಂದೇ ಓಟವಾಗಿರಬೇಕೆಂದಿಲ್ಲ. ಬೇರೆ ಬೇರೆ ದಿನ ಕಂಡ ಓಟಗಳ ತುಂಡುಗಳನ್ನು ಜೋಡಿಸಿ ಒಂದು ಕಥೆ ಮಾಡುವುದು ಈ ಕಸುಬಿನಲ್ಲಿ ಸಾಮಾನ್ಯ. ಇವೆಲ್ಲದರ ಮೇಲೆ ಸಂಗೀತ. ಜಿಂಕೆಮರಿ ಬಂದಾಗ ಕೊಳಲು, ನಾಯಿಗಳು ಬಂದಾಗ ನಗಾರಿ. ಯಾರ ಪರ ಅಳಬೇಕು, ಯಾರನ್ನು ದ್ವೇಷಿಸಬೇಕು ಅನ್ನುವುದನ್ನು ಮಗುವಿನ ಕಿವಿಗೆ ಮೊದಲೇ ಹೇಳಿ ಆಗಿರುತ್ತದೆ.

ನಿಮ್ಮ ಮಗಳನ್ನು ಹೆದರಿಸಿದ್ದು ಸಾವಿಗಿಂತ ಹೆಚ್ಚಾಗಿ ಈ ಸದ್ದು ಅಂತ ನನ್ನ ಅಂದಾಜು. ಪರೀಕ್ಷೆ ಮಾಡುವುದು ಸುಲಭ. ಸಂಜೆ ಟ್ಯೂಬ್‌ಲೈಟಿನ ಹತ್ತಿರ ಹಲ್ಲಿ ಪತಂಗ ಹಿಡಿಯುವುದನ್ನು ಅವಳು ನೂರು ಸಲ ನೋಡಿರುತ್ತಾಳೆ. ರೆಕ್ಕೆ ಬಾಯಿಂದ ಹೊರಗೆ ಒದ್ದಾಡುತ್ತಿರುವಾಗಲೂ ಅತ್ತಿರುವುದಿಲ್ಲ. ಅದೂ ಬೇಟೆಯೇ. ಅಲ್ಲಿ ನಗಾರಿ ಇಲ್ಲ ಅಷ್ಟೆ. ಪತಂಗಕ್ಕೆ ಜಿಂಕೆಮರಿಯಂಥ ದೊಡ್ಡ ಕಣ್ಣೂ ಇಲ್ಲ ಅನ್ನಬಹುದು, ಅದೂ ನಿಜ.

ಅದಕ್ಕೇ ನಾನು ಶಿಬಿರದಲ್ಲಿ ಹತ್ತು ನಿಮಿಷದ ತುಣುಕೊಂದನ್ನು ಎರಡು ಸಲ ಹಾಕುತ್ತೇನೆ. ಮೊದಲು ಧ್ವನಿಯೊಂದಿಗೆ, ಆಮೇಲೆ ಧ್ವನಿ ಆರಿಸಿ. ಎರಡನೇ ಸಲ ಮಕ್ಕಳು ಬೇರೆಯೇ ಸಂಗತಿಗಳನ್ನು ನೋಡುತ್ತಾರೆ. ಹುಲ್ಲು ಇದ್ದಕ್ಕಿದ್ದಂತೆ ಹಸಿರಾಯಿತು ಸಾರ್, ಮೊದಲು ಒಣಗಿತ್ತು ಅನ್ನುತ್ತಾರೆ. ಒಂದು ಮಗು "ಇದೇ ನಾಯಿಗೆ ಕಿವಿ ಹರಿದಿತ್ತು, ಈಗ ಇಲ್ಲ" ಅಂತು. ಬೇರೆ ಬೇರೆ ದಿನದ ತುಂಡುಗಳು ಅಂತ ಅವರೇ ಕಂಡುಹಿಡಿದಿರುತ್ತಾರೆ. ಅದಾದ ಮೇಲೆ ಯಾರೂ "ಹಾಗಾದ್ರೆ ಎಲ್ಲಾ ಸುಳ್ಳು" ಅಂದದ್ದನ್ನು ನಾನು ಕೇಳಿಲ್ಲ. ನಾಯಿ ನಿಜ, ಜಿಂಕೆ ನಿಜ, ಸತ್ತದ್ದೂ ನಿಜ. ಕಥೆಯನ್ನು ಮನುಷ್ಯರು ಹೊಲಿದಿದ್ದಾರೆ. ಇಷ್ಟನ್ನು ಹತ್ತು ವರ್ಷದ ಹುಡುಗ ಚೆನ್ನಾಗಿ ಹಿಡಿಯಬಲ್ಲ.

ಕೆನ್ನಾಯಿಗಳ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಅವುಗಳಿಗೆ ಕೆಟ್ಟ ಹೆಸರು ಬಂದದ್ದು ಟೀವಿಯಿಂದಲ್ಲ, ಅದಕ್ಕಿಂತ ಬಹಳ ಹಿಂದೆ. ಬ್ರಿಟಿಷರ ಕಾಲದಲ್ಲಿ ಇವನ್ನು ಪೀಡೆ ಅಂತ ಪಟ್ಟಿ ಮಾಡಿ, ಕೊಂದು ತಂದವರಿಗೆ ಇನಾಮು ಕೊಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವವರೆಗೂ ಇವಕ್ಕೆ ರಕ್ಷಣೆ ಇರಲಿಲ್ಲ. ಕಾರಣ, ನಿಮ್ಮ ಮಗಳಿಗೆ ಅನ್ನಿಸಿದ್ದೇ: ಇವು ಬೇಟೆಯನ್ನು ಜೀವಂತ ಹರಿದು ತಿನ್ನುತ್ತವೆ, ಹುಲಿಯ ಹಾಗೆ ಗಂಭೀರವಾಗಿ ಕತ್ತು ಹಿಡಿಯುವುದಿಲ್ಲ. ಆದರೆ ಕೆನ್ನಾಯಿಯ ತೂಕ ಹನ್ನೆರಡರಿಂದ ಇಪ್ಪತ್ತು ಕಿಲೋ. ತನ್ನ ನಾಲ್ಕರಷ್ಟು ತೂಗುವ ಗಂಡು ಜಿಂಕೆಯ ಕುತ್ತಿಗೆ ಹಿಡಿದು ಉಸಿರು ಕಟ್ಟಿಸುವ ಶಕ್ತಿ ಅದಕ್ಕಿಲ್ಲ. ಗುಂಪು ಕೂಡಿ ಎಲ್ಲ ಕಡೆಯಿಂದ ಬಾಯಿ ಹಾಕಬೇಕು. ಬೇಗ ಬೇಗ ತಿನ್ನಲೂಬೇಕು, ತಡವಾದರೆ ಹುಲಿಯೋ ಚಿರತೆಯೋ ಬಂದು ಕಸಿದುಕೊಳ್ಳುತ್ತದೆ. ನೋಡಲು ಭೀಕರ. ಆದರೆ ರಕ್ತ ಹೋಗಿ, ಆಘಾತವಾಗಿ ಬೇಟೆ ಬೇಗನೆ ಸಾಯುತ್ತದೆ.

ಇವುಗಳ ಬದುಕನ್ನು ಮೊದಲು ಸರಿಯಾಗಿ ಬಿಡಿಸಿ ತೋರಿಸಿದ್ದು ನಮ್ಮ ಬಂಡೀಪುರದಲ್ಲೇ. ಎಪ್ಪತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಅಲ್ಲಿ ಗುಂಪೊಂದರ ಹಿಂದೆ ನಡೆದು ಅಧ್ಯಯನ ಮಾಡಿದರು. ಆಮೇಲೆ ಕೃಪಾಕರ–ಸೇನಾನಿ ಜೋಡಿ ಅದೇ ಸೀಮೆಯಲ್ಲಿ ವರ್ಷಗಟ್ಟಲೆ ಕಾದು ಇವನ್ನು ಚಿತ್ರೀಕರಿಸಿದರು. ಕೆನ್ನಾಯಿ ಬೊಗಳುವುದಕ್ಕಿಂತ ಹೆಚ್ಚಾಗಿ ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತದೆ. ಮರಿ ಹಾಕಿದ ತಾಯಿಗೆ, ಅದರ ಮರಿಗಳಿಗೆ, ಬಿಲ ಕಾಯಲು ನಿಂತ ನಾಯಿಗಳಿಗೆ ಉಳಿದವು ಬೇಟೆಯಿಂದ ಮಾಂಸ ನುಂಗಿಕೊಂಡು ಬಂದು ಕಕ್ಕಿ ಕೊಡುತ್ತವೆ. ಮರಿಗಳು ಬೇಟೆಯ ಜಾಗಕ್ಕೆ ಬರುವಷ್ಟು ಬೆಳೆದಾಗ ಅವು ಮೊದಲು ತಿನ್ನಲಿ ಅಂತ ದೊಡ್ಡವು ಪಕ್ಕಕ್ಕೆ ಸರಿಯುತ್ತವೆ. ಈ ದೃಶ್ಯವನ್ನು ನಿಮ್ಮ ಮಗಳು ನೋಡಲೇಬೇಕು. ಬೇಟೆ ನೋಡಿ ಬಿಲ ನೋಡದೆ ಟೀವಿ ಆರಿಸಿದರೆ ಮಗುವಿನ ತಲೆಯಲ್ಲಿ ಅರ್ಧ ಪ್ರಾಣಿ ಉಳಿದುಬಿಡುತ್ತದೆ. ಪ್ರಪಂಚದಲ್ಲಿ ಮರಿ ಹಾಕುವ ಪ್ರಾಯದ ಕೆನ್ನಾಯಿಗಳು 949ರಿಂದ 2,215 ಇರಬಹುದು ಅನ್ನುವುದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಅಂದಾಜು. ನಮ್ಮ ಒಂದು ಮಧ್ಯಮ ಊರಿನ ಶಾಲಾಮಕ್ಕಳಷ್ಟೂ ಅಲ್ಲ.

ಮಗನ ವಿಚಾರ. ಹತ್ತು ವರ್ಷದ ಹುಡುಗರಿಗೆ ವೇಗ, ಬಲ, ಗೆಲುವು ಇವು ಹಿಡಿಸುತ್ತವೆ. ಕ್ರಿಕೆಟ್ಟಿನಲ್ಲಿ ಸಿಕ್ಸರನ್ನೇ ಮತ್ತೆ ಮತ್ತೆ ನೋಡುವ ಹಾಗೆ ಬೇಟೆಯನ್ನೂ ನೋಡುತ್ತಾನೆ. ಅದರಲ್ಲಿ ಗಾಬರಿಯಾಗುವಂಥದ್ದಿಲ್ಲ. ನನಗೆ ಗಾಬರಿಯಾದದ್ದು ನೀವು ಬರೆದ ಇನ್ನೊಂದು ಸಾಲಿಗೆ: ಕಣ್ಣು ತಪ್ಪಿಸಿ ಮೊಬೈಲಿನಲ್ಲಿ ನೋಡುತ್ತಾನೆ ಅನ್ನುವುದು. ಸಾಕ್ಷ್ಯಚಿತ್ರಕ್ಕೆ ಮೊದಲು, ನಡು, ಕೊನೆ ಇರುತ್ತದೆ. ತಪ್ಪಿಸಿಕೊಂಡ ಜಿಂಕೆಗೂ ಹಸಿದ ಹುಲಿಗೂ ಅದರಲ್ಲಿ ಜಾಗವಿರುತ್ತದೆ. ಮೊಬೈಲಿನ ಅರೆನಿಮಿಷದ ತುಣುಕಿನಲ್ಲಿ ಕೊಲ್ಲುವುದೊಂದೇ ಉಳಿದಿರುತ್ತದೆ, ಒಂದು ಮುಗಿಯುತ್ತಲೇ ಅದಕ್ಕಿಂತ ಹೆಚ್ಚು ರಕ್ತದ್ದು ತಾನಾಗಿ ಬರುತ್ತದೆ. ಅಲ್ಲಿ ಹೆಬ್ಬಾವಿನ ಬಾಯಿಗೆ ನಾಯಿಮರಿ ಒಡ್ಡಿ, ಆಮೇಲೆ ತಾವೇ 'ಕಾಪಾಡುವ' ಜನರ ವಿಡಿಯೊಗಳೂ ಇವೆ. ಎಐ ತಯಾರಿಸಿದ, ಎಲ್ಲೂ ನಡೆಯದ ಕಾಳಗಗಳೂ ಈಗ ಸೇರಿಕೊಂಡಿವೆ. ಬೈದು ಕಿತ್ತುಕೊಂಡರೆ ಅವನು ಗೆಳೆಯನ ಮೊಬೈಲಿನಲ್ಲಿ ನೋಡುತ್ತಾನೆ. "ಬಾ, ದೊಡ್ಡ ಪರದೆಯಲ್ಲೇ ನೋಡೋಣ, ಇದನ್ನ ಹೇಗೆ ತೆಗೆದರು ಅಂತ ನೀನೇ ಹೇಳು" ಅಂತ ಪಕ್ಕಕ್ಕೆ ಕೂರಿಸಿಕೊಳ್ಳಿ.

ಅವನಿಗೆ ಒಂದು ಕೆಲಸವನ್ನೂ ಕೊಡಿ. ಟ್ಯೂಬ್‌ಲೈಟಿನ ಹಲ್ಲಿಯನ್ನು ಹತ್ತು ರಾತ್ರಿ, ದಿನಕ್ಕೆ ಹದಿನೈದು ನಿಮಿಷ ನೋಡಲಿ. ಎಷ್ಟು ಸಲ ಹಾರಿತು, ಎಷ್ಟು ಸಲ ಸಿಕ್ಕಿತು ಅಂತ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಲಿ. ಬೇಟೆ ಅಂದರೆ ಬಹುಪಾಲು ಸೋಲು ಅನ್ನುವುದನ್ನು ಆ ಗೆರೆಗಳೇ ಹೇಳುತ್ತವೆ. ಹುಲಿಯದೂ ಅದೇ ಕಥೆ, ಅದರ ಪ್ರಯತ್ನಗಳಲ್ಲಿ ಹೆಚ್ಚಿನವು ಕೈತಪ್ಪುತ್ತವೆ. ಟೀವಿಯವರು ಗೆದ್ದದ್ದನ್ನು ಆರಿಸಿ ತೋರಿಸುತ್ತಾರೆ. ಇನ್ನೊಂದು ಆಟ: ಹುಲಿ ಪರದೆಗೆ ಬಂದಾಗ ನಿಲ್ಲಿಸಿ, ಮಗ್ಗುಲಿನ ಪಟ್ಟೆ ಬಿಡಿಸಿಕೊಳ್ಳಲಿ. ಎರಡು ಹುಲಿಗಳ ಪಟ್ಟೆ ಒಂದೇ ಥರ ಇರುವುದಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ತೊಂಬತ್ತರ ದಶಕದ ಮೊದಲಲ್ಲಿ ನಾಗರಹೊಳೆಯ ಕಾಡಿನಲ್ಲಿ ಕ್ಯಾಮೆರಾ ಕಟ್ಟಿ ಹುಲಿಗಳನ್ನು ಎಣಿಸಿದ್ದು ಈ ಪಟ್ಟೆಗಳಿಂದಲೇ. ಹತ್ತು ನಿಮಿಷದ ಹಿಂದೆ ಕಂಡ ಹುಲಿಯೇ ಇದು ಹೌದೋ ಅಲ್ಲವೋ ಅಂತ ಹುಡುಗ ತಲೆ ಕೆಡಿಸಿಕೊಳ್ಳತೊಡಗಿದರೆ ರಕ್ತದ ಮೇಲಿನ ಕಣ್ಣು ತಾನಾಗಿ ಸರಿಯುತ್ತದೆ.

ಕೋಳಿಸಾರಿನ ಬಗ್ಗೆ. ಇದು ಮನೆಮನೆಯಲ್ಲೂ ನಡೆಯುವುದು. ಮಗಳು ಸುಮ್ಮನೆ ಹಟ ಮಾಡುತ್ತಿಲ್ಲ, ತಟ್ಟೆಯಲ್ಲಿರುವುದೂ ಒಂದು ಪ್ರಾಣಿ ಅನ್ನುವುದು ಅವಳಿಗೆ ಈಗ ಹೊಳೆದಿದೆ. ಒತ್ತಾಯ ಮಾಡಬೇಡಿ. "ನಾಯಿಗೆ ಬೇರೆ ದಾರಿ ಇಲ್ಲ, ನಮಗೆ ಇದೆ, ನೀನು ತಿನ್ನೋದು ಬಿಡೋದು ದೊಡ್ಡವಳಾದ ಮೇಲೆ ನೀನೇ ತೀರ್ಮಾನ ಮಾಡು, ಈಗ ಬೇಡ ಅಂದರೆ ಬೇಡ" ಅನ್ನಬಹುದು. ಮೊಟ್ಟೆ, ಹಾಲು, ಕಾಳುಪಲ್ಯ ತಿನ್ನುತ್ತಿದ್ದರೆ ಪೋಷಣೆಗೆ ಕೊರತೆಯಾಗದು. ಕೆಲವರು ವಾರ ಕಳೆದ ಮೇಲೆ ಮತ್ತೆ ತಿನ್ನುತ್ತಾರೆ, ಕೆಲವರು ತಿನ್ನುವುದೇ ಇಲ್ಲ. ಎರಡೂ ಸರಿ.

ಹಾಗಾದರೆ ಭಾನುವಾರ ಏನು ಮಾಡಬೇಕು? ನಿಲ್ಲಿಸಿಬಿಡಬಹುದು. ಆದರೆ ಆಗ ಮಗಳ ತಲೆಯಲ್ಲಿ ಕಾಡು ಅಂದರೆ ಆ ಕೊನೆಯ ದೃಶ್ಯವಾಗಿಯೇ ಉಳಿಯುತ್ತದೆ, ಮಗ ಪೂರ್ತಿ ಮೊಬೈಲಿನ ಪಾಲಾಗುತ್ತಾನೆ. ಬೇಟೆ ಬಂದಾಗಲೆಲ್ಲ ಚಿತ್ರವನ್ನು ಮುಂದಕ್ಕೆ ಓಡಿಸಿಬಿಡಬಹುದು. ಕೆಲವು ತಿಂಗಳ ಮಟ್ಟಿಗೆ, ಚಿಕ್ಕವಳ ಸಲುವಾಗಿ, ಅದು ತಪ್ಪಲ್ಲ. ಆದರೆ ಅವಳಿಗೆ ಹೇಳಿ ಓಡಿಸಿ: "ಇಲ್ಲಿ ಒಂದು ಬೇಟೆ ಇದೆ, ನೋಡ್ತೀಯಾ, ಬೇಡ್ವಾ?" ಕದ್ದು ಓಡಿಸಿದರೆ ಅಲ್ಲೇನೋ ಭಯಂಕರವಾದದ್ದು ಇದೆ ಅಂತ ಅವಳು ತಿಳಿಯುತ್ತಾಳೆ, ನಿಜಕ್ಕಿಂತ ದೊಡ್ಡದನ್ನು ಊಹಿಸಿಕೊಳ್ಳುತ್ತಾಳೆ. ಮಕ್ಕಳನ್ನೇ ಟೀವಿ ಮುಂದೆ ಕೂರಿಸಿ ನೀವು ಅಡುಗೆಮನೆಗೆ ಹೋಗುವುದು ಮೂರನೆಯದು. ಅದನ್ನು ಮಾತ್ರ ಬೇಡವೇ ಬೇಡ ಅನ್ನುತ್ತೇನೆ. ವನ್ಯಜೀವಿ ಚಿತ್ರ ಶಿಕ್ಷಣ, ಕಾರ್ಟೂನು ಅಲ್ಲ ಅಂದುಕೊಂಡು ಎಷ್ಟೋ ಮನೆಗಳಲ್ಲಿ ನಡೆಯುತ್ತಿರುವುದು ಅದೇ. ಜೊತೆಗೆ ದೊಡ್ಡವರಿಲ್ಲದಿದ್ದರೆ ಆರು ವರ್ಷದ ಮಗು ಕಲಿಯುವುದು ಬಹಳ ಕಡಿಮೆ.

ನಾನಾಗಿದ್ದರೆ ಮುಂದುವರಿಸುತ್ತಿದ್ದೆ, ಕ್ರಮ ಬದಲಿಸಿಕೊಂಡು. ಒಂದು ಗಂಟೆಯ ಚಿತ್ರವನ್ನು ಒಂದೇ ಸಂಜೆ ಮುಗಿಸುವ ಹಟ ಬೇಡ, ಇಪ್ಪತ್ತು ನಿಮಿಷ ಸಾಕು. ಹಗಲು ಬೆಳಕಿರುವಾಗ ನೋಡಿ, ಮಲಗುವ ಮುಂಚೆ ಬೇಡ. ಐದರಿಂದ ಹತ್ತು ವರ್ಷದ ಮಕ್ಕಳಿಗೆ ದಿನಕ್ಕೆ ಎಲ್ಲ ಪರದೆಯೂ ಸೇರಿ ಎರಡು ಗಂಟೆಯೊಳಗಿರಲಿ ಅಂತ ಭಾರತದ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿದೆ, ಅದರಲ್ಲಿ ಇದೂ ಸೇರುತ್ತದೆ. ಕನ್ನಡ ನಿರೂಪಣೆ ಸಿಕ್ಕರೆ ಅದನ್ನೇ ಹಾಕಿ. 2020ರಲ್ಲಿ ಚಿತ್ರಮಂದಿರಕ್ಕೂ ಬಂದ 'ವೈಲ್ಡ್ ಕರ್ನಾಟಕ'ಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ ಧ್ವನಿ ಇದೆ, ಕನ್ನಡದ ನಿರೂಪಣೆಯೂ ಆಗಿದೆ. ಕನ್ನಡದಲ್ಲಿ ನೋಡಿದಾಗ ಮಕ್ಕಳು ನಡುನಡುವೆ ಮಾತಾಡುತ್ತಾರೆ; ಇಂಗ್ಲಿಷಿನಲ್ಲಾದರೆ ಅರ್ಥ ಮಾಡಿಕೊಳ್ಳುವುದರಲ್ಲೇ ಸುಮ್ಮನಾಗಿಬಿಡುತ್ತಾರೆ. ನಿರೂಪಣೆಗಿಂತ ಅವರ ಆ ಮಾತೇ ಮುಖ್ಯ. ರಿಮೋಟನ್ನು ಮಗಳ ಕೈಗೆ ಕೊಡಿ, ಬೇಕೆಂದಾಗ ನಿಲ್ಲಿಸುವ ಹಕ್ಕು ಅವಳದು. ಮಗನಿಗೆ ಇದು ಮೊದಮೊದಲು ಕಿರಿಕಿರಿ ಅನ್ನಿಸುತ್ತದೆ. ಅವನ ಜೊತೆ ಯಜಮಾನರು ಬೇರೆ ದಿನ ಕೂತು ಪೂರ್ತಿ ನೋಡಲಿ. ಇಬ್ಬರಿಗೂ ಒಂದೇ ಸಂಜೆ, ಒಂದೇ ಚಿತ್ರ ಹೊಂದಲೇಬೇಕೆಂದಿಲ್ಲ.

ಅತ್ತೆಯವರನ್ನೂ ಕೂರಿಸಿಕೊಳ್ಳಿ. ಮಲೆನಾಡಿನ ಅವರ ತಲೆಮಾರಿನವರಿಗೆ ಹುಲಿ, ಸೀಳುನಾಯಿ, ಕಾಟಿ ಟೀವಿಯ ಪ್ರಾಣಿಗಳಲ್ಲ. ಕೊಟ್ಟಿಗೆಗೆ ಹುಲಿ ಬಿದ್ದದ್ದು, ಮೇಯಲು ಬಿಟ್ಟ ಕರು ಸಂಜೆ ಬಾರದೆ ಹೋದದ್ದು ಅವರು ಕಂಡೋ ಕೇಳಿಯೋ ಬೆಳೆದವರು. ಎಳೇ ಮಕ್ಕಳಿಗೆ ತೋರಿಸಬೇಡಿ ಅನ್ನುವಾಗ ಅವರಿಗೆ ನೆನಪಾಗುತ್ತಿರುವುದು ಏನು ಅಂತ ಒಮ್ಮೆ ಕೇಳಿ. ಕರು ಹೋದ ಮನೆಯಲ್ಲಿ ಅವತ್ತು ರಾತ್ರಿ ಏನು ಮಾಡಿದರು, ದನ ಹೇಗಿತ್ತು, ಹುಲಿಯನ್ನು ಬೈದರೋ ಕೈಮುಗಿದರೋ. ಇದನ್ನು ಹೇಳುವ ಸಾಕ್ಷ್ಯಚಿತ್ರ ನಾನು ನೋಡಿಲ್ಲ, ಮೊಮ್ಮಗಳಿಗೆ ಅಜ್ಜಿಯೇ ಹೇಳಬೇಕು.

ಆಮೇಲೆ ಹೊರಗೆ ಹೋಗಿ. ಹುಲಿ ನೋಡಲು ಸಫಾರಿಗೆ ಓಡಬೇಡಿ. ಟೀವಿಯಲ್ಲಿ ಹತ್ತು ನಿಮಿಷಕ್ಕೊಂದು ಹುಲಿ ನೋಡಿದ ಮಕ್ಕಳು ಜೀಪಿನಲ್ಲಿ ಎರಡು ಗಂಟೆ ಕೂತು ಜಿಂಕೆ ಮಾತ್ರ ಕಂಡು "ಏನೂ ಇಲ್ಲ" ಅಂತ ಮುಖ ಊದಿಸಿಕೊಂಡು ಬರುತ್ತಾರೆ. ನಿಮ್ಮೂರಿನಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಮೂವತ್ತು ಕಿಲೋಮೀಟರು ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ನೀರುಕಾಗೆ ಮೀನು ಹಿಡಿದು ತಂದು ಮರಿಯ ಬಾಯಿ ತುಂಬಿಸುವುದನ್ನು ಅರ್ಧ ಗಂಟೆ ನಿಂತು ನೋಡಿ. ಅಲ್ಲಿ ಮೀನು ಸಾಯುತ್ತದೆ, ಮರಿ ಬದುಕುತ್ತದೆ, ಎರಡೂ ಒಂದೇ ಕೊಂಬೆಯ ಮೇಲೆ, ಸಂಗೀತವಿಲ್ಲದೆ. ಮಗಳು ಯಾರ ಪರ ಇರುತ್ತಾಳೆ ನೋಡಿ.

ಎಚ್ಚರ ವಹಿಸಬೇಕಾದದ್ದು ಯಾವಾಗ ಅನ್ನುವುದನ್ನೂ ಹೇಳಿಬಿಡುತ್ತೇನೆ. ಎರಡು ರಾತ್ರಿ ಪಕ್ಕದಲ್ಲಿ ಮಲಗಿದ್ದು ಲೆಕ್ಕಕ್ಕಿಲ್ಲ. ಎರಡು ಮೂರು ವಾರವಾದರೂ ಕೆಟ್ಟ ಕನಸು ನಿಲ್ಲದಿದ್ದರೆ, ನೀವು ಕಣ್ಣಿಗೆ ಬೀಳದಿದ್ದರೆ ಗಾಬರಿಯಾಗುತ್ತಿದ್ದರೆ, ಶಾಲೆಗೆ ಹೋಗಲು ಒಲ್ಲೆ ಅಂದರೆ ಮಕ್ಕಳ ವೈದ್ಯರನ್ನು ಕಾಣಿ. ಟೀವಿಯ ಆಚೆಗೂ ಏನಾದರೂ ಕಾರಣವಿರಬಹುದು. ಮಗ ಪರದೆಯ ಮೇಲಿನ ಬೇಟೆಗೆ ಹಿಗ್ಗುವುದು ಬೇರೆ, ಬೀದಿನಾಯಿಗೆ ಬೇಕಂತಲೇ ಕಲ್ಲು ಹೊಡೆದು ಅದು ಕುಂಟುವುದನ್ನು ನೋಡಿ ಖುಷಿಪಡುವುದು ಬೇರೆ. ಎರಡನೆಯದು ಕಂಡರೆ ತಡ ಮಾಡಬೇಡಿ.

ಇನ್ನು ಮಗಳ ಪ್ರಶ್ನೆ. ಇದನ್ನು ಅವಳಿಗೇ ಓದಿ ಹೇಳಿ.

ಪುಟ್ಟೀ, ಮರಿ ಕಳೆದುಕೊಂಡ ಜಿಂಕೆಯಮ್ಮ ಸ್ವಲ್ಪ ಹೊತ್ತು ಅಲ್ಲೇ ಕೂಗಿ ಹುಡುಕುತ್ತೆ. ಕತ್ತಲಾಗೋ ಹೊತ್ತಿಗೆ ತನ್ನ ಗುಂಪಿಗೆ ಬಂದು ಸೇರಿಕೊಳ್ಳುತ್ತೆ. ಬಂಡೀಪುರದಲ್ಲಿ ಜಿಂಕೆಗಳು ರಾತ್ರಿ ಪೊದೆಯ ಒಳಗೆ ಮಲಗಲ್ಲ. ಅರಣ್ಯ ಇಲಾಖೆಯವರ ಮನೆಗಳ ಹತ್ತಿರ ಗಿಡ್ಡ ಹುಲ್ಲಿನ ಬಯಲು ಇದೆ, ಅಲ್ಲಿಗೆ ಬರುತ್ತವೆ. ಯಾರು ಬಂದರೂ ದೂರದಿಂದ ಕಾಣಬೇಕಲ್ಲ, ಅದಕ್ಕೆ. ನಾನು ಅಲ್ಲಿ ಉಳಿದಾಗ ಟಾರ್ಚ್ ಹಾಕಿ ನೋಡಿದ್ದೇನೆ. ನಕ್ಷತ್ರ ಚೆಲ್ಲಿದ ಹಾಗೆ ನೂರಾರು ಕಣ್ಣು ಹೊಳೆಯುತ್ತವೆ. ಕೆಲವು ಮಲಗಿರುತ್ತವೆ, ಕೆಲವು ಎದ್ದು ಕಿವಿ ನಿಮಿರಿಸಿ ಕಾಯ್ತಾ ಇರುತ್ತವೆ. ಜಿಂಕೆಯಮ್ಮ ಮಲಗೋದು ಅವುಗಳ ಮಧ್ಯೆ.